ಶಾಲೆಯ ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಮಿಶನ್ ಶಾಲೆಗಳನ್ನು ಸ್ಥಾಪಿಸಿದ ಹಿರಿಯರು ಹೆಣ್ಣುಮಕ್ಕಳಿಗೆ ಓದುಬರಹವನ್ನು ಮಾತ್ರವಲ್ಲದೆ ಹೊಲಿಗೆ, ಹೆಣಿಗೆ, ಕಸೂತಿ ಮುಂತಾದ ಕೈಕೆಲಸಗಳನ್ನೂ ಕಲಿಸಿದರೆಂಬುದು ಈ ಸಂಚಿಕೆಯ ವಾಚಕರೆಲ್ಲರಿಗೂ ತಿಳಿದ ಸಂಗತಿಯಾಗಿದೆ. ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಹೊಸ ಬಟ್ಟೆಯನ್ನು ಹೊಲಿಯುವುದಕ್ಕೆ ಮೊದಲು ಹರಿದ ಬಟ್ಟೆಯನ್ನು ಸರಿಪಡಿಸುವುದನ್ನು ಕಲಿಸುತ್ತಿದ್ದರು. ಹರಿದದ್ದನ್ನು ಮೊದಲು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿಯಬೇಕು. ನೂಲು ಎಲ್ಲಿ ಸೋತಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ತಿಳಿದುಕೊಳ್ಳಬೇಕು. ಆಮೇಲೆಯೇ ಸೂಜಿಯನ್ನು ಕೈಗೆತ್ತಿಕೊಳ್ಳಬೇಕು. ಈ ನಿಯಮವು ಬಟ್ಟೆಗೆ ಮಾತ್ರ ಸಲ್ಲತಕ್ಕದ್ದಲ್ಲ. ವಿದ್ಯುತ್ತಿನಿಂದ ನಡೆಯುವ ಸೂಕ್ಷ್ಮ ಯಂತ್ರವೊಂದಕ್ಕೂ ಅದು ಹೇಗೆ ಸಂದಿತೆಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಅರಿಕೆಮಾಡಬೇಕೆಂಬುದೇ ಈ ಲೇಖನದ ಉದ್ದೇಶವು.

ನಾವು ಹೇಳಲಿರುವ ಯಂತ್ರವು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರು. ಜನಸಾಮಾನ್ಯರಿಗೆ ಕಂಪ್ಯೂಟರಿನ ಪರಿಚಯ ಮಾಡಿಸಬೇಕೆಂದು ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಶನ್ ಎಂಬ ಸಂಸ್ಥೆಯು ಕೈಕೊಂಡ ಯೋಜನೆಗಾಗಿ, ಕೇಂಬ್ರಿಜ್ ಪಟ್ಟಣದ ಏಕಾರ್ನ್ ಕಂಪೆನಿಯವರು ೧೯೮೧ರಲ್ಲಿ ಇದನ್ನು ಸಿದ್ಧಪಡಿಸಿದರು. ನಮ್ಮ ದೇಶದಲ್ಲಿ ಭಾರತ ಸರಕಾರವು ೧೯೮೪-೮೫ರಲ್ಲಿ ‘ಕ್ಲಾಸ್’ ಎಂಬ ಹೆಸರಿನಿಂದ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ಆರಂಭಿಸಿದಾಗ, ಮೊದಲು ಆರಿಸಿಕೊಂಡ ಸುಮಾರು ೨೫೦ ಶಾಲೆಗಳಿಗೆ ಇದೇ ಯಂತ್ರಗಳನ್ನು ಹಂಚಿತು. ನಮ್ಮ ಶಾಲೆಗೂ ೧೯೮೫ರಲ್ಲಿ ಎರಡು ಯಂತ್ರಗಳು ಬಂದವು. ಕರಾವಳಿಯ ಹಂಚಿನ ಮಾಡಿನ ಕೆಳಗೆ, ಪ್ರಯೋಗಶಾಲೆಯ ಪಕ್ಕದ ಚಿಕ್ಕ ಕೊಠಡಿಯಲ್ಲಿ, ಮೇಜಿನ ಮೇಲೆ ಅವನ್ನು ಇರಿಸಿ, ಅವುಗಳಿಗೆ ಹೊಲಿಗೆಯ ಟೀಚರಮ್ಮನವರೇ ಹೊದಿಕೆಯನ್ನು ಹೊಲಿದುಕೊಟ್ಟರು. ಆ ಕೊಠಡಿಯೊಳಗೆ ಚಪ್ಪಲಿ ಕಳಚಿ ಹೋಗಬೇಕಾಗಿತ್ತು.

ಆ ಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟ ಕೂಡಲೆ ಅದರಿಂದ ಎರಡು ಸ್ವರಗಳು ಹೊರಡುತ್ತಿದ್ದವು. ಮೊದಲು ತಗ್ಗಿದ ದನಿಯ ಒಂದು ‘ಬೂ’. ಅದರ ಬೆನ್ನಿಗೇ ಎತ್ತರದ ದನಿಯ ಒಂದು ಪುಟ್ಟ ‘ಬೀಪ್’. ಆ ಕಾಲದಲ್ಲಿ ಅಲ್ಲಿ ಕಲಿತವರು ಇಂದು ಅಜ್ಜಿಯರಾಗಿದ್ದರೂ ಆ ಎರಡು ಸ್ವರಗಳನ್ನು ಮರೆತಿರಲಾರರು. ಅದರ ನೆನಪಿನ ಶಕ್ತಿಯು ೩೨ ಕಿಲೋಬೈಟ್ ಮಾತ್ರ; ಅಂದರೆ ಸುಮಾರು ೩೨ ಸಾವಿರ ಅಕ್ಷರಗಳನ್ನು ಹಿಡಿಯುವಷ್ಟು. ಅಷ್ಟರಲ್ಲಿಯೇ ನಾವು ಮಗ್ಗಿಯನ್ನು ಬರೆಯಿಸಿದೆವು, ಬಣ್ಣದ ಗೆರೆಗಳನ್ನು ಎಳೆಯಿಸಿದೆವು, ಕ್ರಿಸ್ಮಸ್ ಹಬ್ಬದ ರಾಗವನ್ನೂ ನುಡಿಸಿದೆವು.

೧೯೯೪ರ ಒಂದು ಮಧ್ಯಾಹ್ನ, ಪಾಠವು ನಡೆಯುತ್ತಿರುವಾಗಲೇ, ಒಂದು ಯಂತ್ರದಿಂದ ‘ಫಟ್’ ಎಂಬ ಶಬ್ದವೂ ದಟ್ಟವಾದ ದುರ್ವಾಸನೆಯ ಹೊಗೆಯೂ ಹೊರಟು, ಕೊಠಡಿಯ ಫ್ಯೂಸು ಹೋಗಿ ಕತ್ತಲಾಯಿತಂತೆ. ಮಕ್ಕಳು ಅಂಗಳಕ್ಕೆ ಓಡಿದರು. ಯಾರಿಗೂ ಅಪಾಯವಾಗಲಿಲ್ಲ. ಆದರೂ ಹೆಣ್ಣುಮಕ್ಕಳಿರುವ ಶಾಲೆಯಲ್ಲಿ ಇಂಥದು ಇರಬಾರದೆಂದು ಎಲ್ಲರೂ ಹೆದರಿದ್ದರಿಂದ, ಕೆಟ್ಟದ್ದನ್ನೂ ಕೆಡದೆ ಇದ್ದದ್ದನ್ನೂ ಕೂಡಿಯೇ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಬೀಗವು ಮೂವತ್ತು ವರ್ಷ ಹಾಗೆಯೇ ಇತ್ತು.

೨೦೨೪ರ ಬೇಸಗೆಯಲ್ಲಿ ಶಾಲೆಯ ಹಳೆಯ ಸಾಮಾನುಗಳನ್ನು ಗುಜರಿಗೆ ಹಾಕಬೇಕೆಂದು ಪಟ್ಟಿಯನ್ನು ಮಾಡುತ್ತಿರುವಾಗ, ಅದರಲ್ಲಿ ‘ಕಂಪ್ಯೂಟರ್, ಹಳೆಯದು, ಸುಟ್ಟದ್ದು, ೨’ ಎಂಬ ಸಾಲು ನಮ್ಮ ಕಣ್ಣಿಗೆ ಬಿತ್ತು. ನಾವು ಮೂವರು ಆ ಯಂತ್ರಗಳ ಮೇಲೆಯೇ ಮೊದಲ ಪಾಠವನ್ನು ಕಲಿತು, ಆಮೇಲೆ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿಯೇ ಬಾಳನ್ನು ಕಳೆದವರು. ಒಂದು ತಿಂಗಳ ಅವಕಾಶವನ್ನು ಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರಲ್ಲಿ ಬಿನ್ನವಿಸಿದೆವು. ಅವರು ಒಂದೇ ಒಂದು ಕರಾರಿನ ಮೇಲೆ ಒಪ್ಪಿದರು. ಏನೆಂದರೆ, ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಇಷ್ಟವಿದ್ದವರು ಜತೆಯಲ್ಲಿದ್ದು ಕೆಲಸವನ್ನು ನೋಡಬೇಕು. ನೋಡುವುದು ಮಾತ್ರವಲ್ಲ, ಕೈಹಚ್ಚಬೇಕು. ತಿಂಗಳೊಳಗೆ ಯಂತ್ರವು ಎದ್ದರೆ ಶಾಲೆಯಲ್ಲಿರುವುದು. ಏಳದಿದ್ದರೆ ಗುಜರಿಯವನ ಗಾಡಿಗೆ.

ನಾಲ್ವರು ಹುಡುಗಿಯರು ಬಂದರು. ಮೊದಲ ದಿನ ಕಪಾಟನ್ನು ತೆರೆದಾಗ ಒಂದು ಯಂತ್ರದ ಗತಿ ಅಲ್ಲಿಯೇ ತಿಳಿಯಿತು. ಜರುಗಿದ ಹಂಚಿನ ಸಂದಿನಿಂದ ಅನೇಕ ಮಳೆಗಾಲಗಳ ನೀರು ಇಳಿದು, ಅದರ ಹಲಗೆಯ ಒಂದು ಮೂಲೆಯ ತಾಮ್ರದ ಗೆರೆಗಳೆಲ್ಲ ಹಸುರುಗಟ್ಟಿ ಕರಗಿಹೋಗಿದ್ದವು. ಇನ್ನೊಂದು ಒಣಗಿದ್ದಿತು. ಆದರೆ ೧೯೯೪ರಲ್ಲಿ ಹೊಗೆಯುಗುಳಿದ್ದು ಇದೇ. ಆದಕಾರಣ ಮಕ್ಕಳು ಇದನ್ನು ಮುಟ್ಟುವುದಕ್ಕೂ ಹಿಂಜರಿದರು. ಮುಚ್ಚಳವನ್ನು ಬಿಚ್ಚಿದಾಗ ಒಳಗೆ ಹಲ್ಲಿಯ ಮೊಟ್ಟೆಯ ಎರಡು ಒಣ ಚಿಪ್ಪುಗಳೂ ಬೆರಳುದ್ದದ ಧೂಳೂ ದೊರೆತವು.

ಕಂಪ್ಯೂಟರಿನೊಳಗಿನ ಮುಖ್ಯ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ. ತಾಯಿಹಲಗೆ ಎಂದರೂ ಸಲ್ಲುವುದು. ಯಾಕಂದರೆ ಮಿಕ್ಕ ಅಂಗಗಳೆಲ್ಲ ಅದರ ಮಡಿಲಲ್ಲಿಯೇ ಕೂತಿರುತ್ತವೆ. ಈ ಯಂತ್ರದಲ್ಲಿ ೬೫೦೨ ಎಂಬ ಚಿಪ್ಪು ಲೆಕ್ಕಮಾಡುವ ಮಿದುಳಾಗಿದೆ. ಅದು ಏನು ಮಾಡಬೇಕೆಂಬ ಶಾಶ್ವತವಾದ ಅಪ್ಪಣೆಗಳನ್ನು ಹೊತ್ತ ಚಿಪ್ಪುಗಳು ಬೇರೆ. ಅವಕ್ಕೆ ರಾಮ್ ಅಲ್ಲ, ರೋಮ್ ಎಂದು ಹೆಸರು. ಬರೆದು ಅಳಿಸಬಹುದಾದ ನೆನಪಿನ ಚಿಪ್ಪುಗಳು ರಾಮ್, ಅವು ಹದಿನಾರು. ಚಿತ್ರವನ್ನು ಪರದೆಗೆ ಕಳುಹಿಸುವುದಕ್ಕೆ, ಸ್ವರವನ್ನು ಹುಟ್ಟಿಸುವುದಕ್ಕೆ, ಕೀಲಿಗಳನ್ನು ಗಮನಿಸುವುದಕ್ಕೆ ಒಂದೊಂದು ಚಿಪ್ಪು ಇದೆ. ಈಗಿನ ಯಂತ್ರಗಳಲ್ಲಿ ಇವೆಲ್ಲವೂ ಉಗುರಿನಷ್ಟು ಜಾಗದಲ್ಲಿ ಅಡಗಿರುವುದರಿಂದ ಕಣ್ಣಿಗೆ ಕಾಣಿಸವು. ಇಲ್ಲಿಯಾದರೋ ಒಂದೊಂದು ಕೆಲಸಕ್ಕೂ ಒಂದೊಂದು ಚಿಪ್ಪು ಬೇರೆಬೇರೆಯಾಗಿ, ಕಾಲುಗಳನ್ನು ಚಾಚಿಕೊಂಡು, ಬೆರಳಿಟ್ಟು ತೋರಿಸುವಂತೆ ಕೂತಿದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕವು ಸಿಕ್ಕಲಾರದು. ಹುಡುಗಿಯರು ಡ್ರಾಯಿಂಗ್ ಪುಸ್ತಕದಲ್ಲಿ ಹಲಗೆಯ ನಕ್ಷೆಯನ್ನು ಬರೆದು, ಯಾವ ಚಿಪ್ಪಿನ ಗುರುತು ಯಾವ ಕಡೆಗಿದೆಯೆಂದು ಗುರುತಿಸಿಕೊಂಡರು. ತೆಗೆದದ್ದನ್ನು ತಿರುಗಿ ಅದೇ ಮುಖವಾಗಿ ಇಡದಿದ್ದರೆ ಚಿಪ್ಪು ಸಾಯುವುದು.

ಮೊದಲು ಭಯಕ್ಕೆ ಉತ್ತರವನ್ನು ಹೇಳಬೇಕಾಗಿತ್ತು. ಆ ಹೊಗೆ ಎಲ್ಲಿಂದ ಬಂತು? ಗೋಡೆಯ ವಿದ್ಯುತ್ತನ್ನು ೫ ವೋಲ್ಟಿಗೆ ಇಳಿಸುವ ಪೆಟ್ಟಿಗೆಯೊಂದು ಯಂತ್ರದ ಎಡಭಾಗದಲ್ಲಿ ಬೇರೆಯೇ ಇದೆ. ಅದರ ಬಾಗಿಲಲ್ಲಿಯೇ, ಲೋಹವನ್ನು ಲೇಪಿಸಿದ ಕಾಗದದ ಎರಡು ಕೆಪ್ಯಾಸಿಟರುಗಳು ಇರುತ್ತವೆ. ಯಂತ್ರದ ಕಲಕಾಟವು ಮನೆಯ ತಂತಿಗೆ ಹತ್ತಿ ಪಕ್ಕದ ರೇಡಿಯೋ ಟೀವಿಗಳಿಗೆ ತೊಂದರೆಯಾಗದಂತೆ ತಡೆಯುವುದೇ ಅವುಗಳ ಕೆಲಸ. ವರ್ಷಗಳು ಕಳೆದಂತೆ ಅವುಗಳ ಮೇಲಿನ ರಾಳದ ಕವಚವು ಬಿರುಕು ಬಿಡುತ್ತದೆ. ಬಿರುಕಿನಿಂದ ಗಾಳಿಯ ತೇವವು ಒಳಗಿನ ಕಾಗದಕ್ಕೆ ಇಳಿಯುತ್ತದೆ. ಕಡೆಗೊಂದು ದಿನ ಕಾಗದವು ಕಾದು ಸಿಡಿಯುತ್ತದೆ. ಆ ಕಾಲದಲ್ಲಿ ಇಂಥ ಕೆಪ್ಯಾಸಿಟರುಗಳನ್ನು ಅನೇಕ ಬಗೆಯ ಯಂತ್ರಗಳಲ್ಲಿ ಹಾಕುತ್ತಿದ್ದುದರಿಂದ ಇದು ಇದೊಂದರ ರೋಗವಲ್ಲ, ವಯಸ್ಸಿನ ರೋಗ. ನಮ್ಮ ಕರಾವಳಿಯ ಗಾಳಿಯಲ್ಲಿ ಅದು ಬೇಗನೆ ಬಂದದ್ದು ಆಶ್ಚರ್ಯವಲ್ಲ. ಪೆಟ್ಟಿಗೆಯನ್ನು ಬಿಚ್ಚಿದಾಗ ಒಂದು ಕೆಪ್ಯಾಸಿಟರು ಸೀಳಿ ಕರಿಹಿಡಿದಿತ್ತು. ಇನ್ನೊಂದರ ಮೈಮೇಲೆ ಬಾವಿಯ ಗಾರೆಯಲ್ಲಿ ಕಾಣುವಂಥ ಬಿರುಕುಗಳಿದ್ದವು. ಎರಡನ್ನೂ ತೆಗೆದು, ಅದೇ ಕೆಲಸಕ್ಕೆಂದು ಈಗ ಮಾಡುವ ಪ್ಲಾಸ್ಟಿಕ್ ಪೊರೆಯ ಹೊಸ ಕೆಪ್ಯಾಸಿಟರುಗಳನ್ನು ಹಾಕಿದೆವು. ಅವುಗಳ ಬೆಲೆ ಎರಡು ಊಟದ ಬೆಲೆಗೂ ಕಡಿಮೆ.

ಇಲ್ಲಿ ಪಾಲಕರಿಗೆ ಒಂದು ಮಾತನ್ನು ಹೇಳಲೇಬೇಕು. ಈ ಪೆಟ್ಟಿಗೆಯ ಕೆಲಸವನ್ನು ನಾವೇ ಮಾಡಿದೆವು, ಮಕ್ಕಳನ್ನು ಮುಟ್ಟಗೊಡಲಿಲ್ಲ. ಗೋಡೆಯ ೨೩೦ ವೋಲ್ಟಿನ ವಿದ್ಯುತ್ತು ಅದರೊಳಗೆ ಸುಮಾರು ೩೨೫ ವೋಲ್ಟಿನಷ್ಟಾಗಿ ದೊಡ್ಡ ಕೆಪ್ಯಾಸಿಟರಿನಲ್ಲಿ ನಿಂತಿರುತ್ತದೆ; ಸ್ವಿಚ್ಚನ್ನು ಆರಿಸಿ ತಂತಿಯನ್ನು ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಲ್ಲದು. ಅದು ಕೊಲ್ಲಬಲ್ಲ ವಿದ್ಯುತ್ತು. ಆದರೆ ತಾಯಿಹಲಗೆಯ ಮೇಲೆ ಹರಿಯುವುದು ಬರಿಯ ೫ ವೋಲ್ಟು. ಬೆರಳಿಗೆ ತಿಳಿಯುವುದೂ ಇಲ್ಲ. ಅಪಾಯವು ಪೆಟ್ಟಿಗೆಯಲ್ಲಿದೆ, ಹಲಗೆಯಲ್ಲಿಲ್ಲ. ಈ ಭೇದವನ್ನು ೧೯೯೪ರಲ್ಲಿ ಯಾರಾದರೂ ಬಲ್ಲವರು ಶಾಲೆಗೆ ತಿಳಿಸಿದ್ದರೆ, ಆ ಯಂತ್ರವು ಮರುವಾರವೇ ಪಾಠಕ್ಕೆ ಬರುತ್ತಿತ್ತು. ಭಯಪಡುವುದು ತಪ್ಪಲ್ಲ, ಎಲ್ಲಿ ಭಯಪಡಬೇಕು, ಎಲ್ಲಿ ಬೇಡವೆಂದು ತಿಳಿಯದೆ ಇರುವುದೇ ನಷ್ಟ.

ಹಲಗೆಗೆ ಜೋಡಿಸುವುದಕ್ಕೆ ಮೊದಲು ಪೆಟ್ಟಿಗೆಗೆ ಬೇರೊಂದು ಹೊರೆಯನ್ನು ಕೊಟ್ಟು ಅಳೆದೆವು. ೫.೦೪ ವೋಲ್ಟು ನಿಶ್ಚಲವಾಗಿ ನಿಂತಿತು. ಆಮೇಲೆ ಹಲಗೆಯನ್ನು ಜೋಡಿಸಿ, ಹಳೆಯ ಟೀವಿಯೊಂದನ್ನು ಎದುರಿಗಿಟ್ಟು, ಸ್ವಿಚ್ಚನ್ನು ಹಾಕಿದೆವು.

‘ಬೂ’ ಎಂಬ ತಗ್ಗಿದ ಸ್ವರವು ಹೊರಟಿತು. ಹೊರಟದ್ದು ನಿಲ್ಲಲೇ ಇಲ್ಲ. ‘ಬೀಪ್’ ಬರಲಿಲ್ಲ, ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಹುಡುಗಿಯರ ಮುಖವು ಬಾಡಿತು. ಆದರೆ ಬಲ್ಲವರಿಗೆ ಈ ದನಿಯೇ ಒಂದು ಕಾಗದದಷ್ಟು ಸುದ್ದಿಯನ್ನು ಹೇಳುತ್ತದೆ. ವಿದ್ಯುತ್ತು ಬಂದೊಡನೆ ಸ್ವರದ ಚಿಪ್ಪು ತನ್ನಷ್ಟಕ್ಕೆ ತಾನೇ ಕೂಗತೊಡಗುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮಿದುಳಿನ ಚಿಪ್ಪು ಎಚ್ಚತ್ತು, ರೋಮಿನೊಳಗಿನ ಅಪ್ಪಣೆಗಳನ್ನು ಓದಿ, ‘ಸುಮ್ಮನಿರು’ ಎಂದು ಅದನ್ನು ಗದರಿಸಿ, ತನ್ನ ಗುರುತಾಗಿ ‘ಬೀಪ್’ ಎನ್ನಿಸುವುದು. ಕೂಗು ನಿಲ್ಲಲಿಲ್ಲವೆಂದರೆ, ವಿದ್ಯುತ್ತು ಬಂದಿದೆ, ಸ್ವರದ ಚಿಪ್ಪು ಬದುಕಿದೆ. ಆದರೆ ಮಿದುಳು ತನ್ನ ಅಪ್ಪಣೆಗಳನ್ನು ಓದಲಾರದೆ ಇದೆ ಎಂದರ್ಥ. ತೊಟ್ಟಿಲ ಕೂಸು ಅಳುತ್ತಿದೆ, ತಾಯಿಗೆ ಎಚ್ಚರವಾಗಿಲ್ಲ. ತಾಯಿಗೇಕೆ ಎಚ್ಚರವಾಗಲಿಲ್ಲವೆಂಬುದನ್ನು ಹುಡುಕಬೇಕು.

ಹುಡುಕುವ ಬಗೆಯನ್ನು ನಮ್ಮ ಭಾನುವಾರದ ಪಾಠವೇ ನಮಗೆ ಕಲಿಸಿದೆ. ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಸಾಮ್ಯವನ್ನು ಅರಿಯದವರು ನಮ್ಮಲ್ಲಿಲ್ಲ. ಅವಳು ಅಳುತ್ತಾ ಕೂತುಕೊಳ್ಳಲಿಲ್ಲ. ಅಲ್ಲಿರಬಹುದು ಇಲ್ಲಿರಬಹುದು ಎಂದು ಊಹಿಸುತ್ತಾ ಓಡಾಡಲೂ ಇಲ್ಲ. ಮೊದಲು ದೀಪವನ್ನು ಹಚ್ಚಿದಳು; ಆಮೇಲೆ ಗುಡಿಸಿದಳು; ಗುಡಿಸಿದ ಮೂಲೆಯನ್ನು ಬಿಟ್ಟು ಮುಂದಿನ ಮೂಲೆಗೆ ಹೋದಳು. ಹಲಗೆಯ ದೋಷವನ್ನು ಹುಡುಕುವವರೂ ಹೀಗೆಯೇ ಮಾಡತಕ್ಕದ್ದು. ನಮ್ಮ ದೀಪವೆಂದರೆ ಅಳೆಯುವ ಮೀಟರು ಮತ್ತು ವಿದ್ಯುತ್ತಿನ ಅಲೆಯನ್ನು ಚಿತ್ರವಾಗಿ ತೋರಿಸುವ ಆಸಿಲೋಸ್ಕೋಪು.

ಮಿದುಳು ಎಚ್ಚರಗೊಳ್ಳುವುದಕ್ಕೆ ನಾಲ್ಕು ಸಂಗತಿಗಳು ಬೇಕು. ಒಂದು, ಅನ್ನ, ಅಂದರೆ ೫ ವೋಲ್ಟು ಅದರ ಎಂಟನೆಯ ಕಾಲಿಗೆ ಬರಬೇಕು. ಅಳೆದೆವು, ಇತ್ತು. ಎರಡು, ನಾಡಿ, ಹಲಗೆಯ ಮೇಲಿನ ಸ್ಫಟಿಕವೊಂದು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಸಾರಿ ಮಿಡಿಯುತ್ತದೆ, ಅದನ್ನು ಭಾಗಿಸಿ ಸೆಕೆಂಡಿಗೆ ೨೦ ಲಕ್ಷ ಮಿಡಿತಗಳನ್ನು ಮಿದುಳಿನ ಮೂವತ್ತೇಳನೆಯ ಕಾಲಿಗೆ ಕೊಡುತ್ತಾರೆ. ನೋಡಿದೆವು, ನಾಡಿ ನೆಟ್ಟಗಿತ್ತು. ಮೂರು, ಎಬ್ಬಿಸುವ ಕರೆ. ನಾಲ್ವತ್ತನೆಯ ಕಾಲು ಕ್ಷಣಕಾಲ ಕೆಳಗಿದ್ದು ಆಮೇಲೆ ಮೇಲೇರಬೇಕು. ಏರಿತು. ನಾಲ್ಕು, ಓದುವುದಕ್ಕೆ ಪುಸ್ತಕ. ಎದ್ದ ಕೂಡಲೆ ೬೫೦೨ ಚಿಪ್ಪು ೬೫,೫೩೨ ಮತ್ತು ೬೫,೫೩೩ ಎಂಬ ಎರಡು ವಿಳಾಸಗಳಿಗೆ ಹೋಗಿ, ಮೊದಲ ಅಪ್ಪಣೆ ಎಲ್ಲಿದೆಯೆಂದು ಕೇಳುವುದು. ಆ ಎರಡು ವಿಳಾಸಗಳೂ ರೋಮಿನಲ್ಲಿವೆ. ಮೂರು ಮೂಲೆಗಳನ್ನು ಗುಡಿಸಿಯಾಯಿತು, ಉಳಿದದ್ದು ನಾಲ್ಕನೆಯದು.

ರೋಮ್ ಚಿಪ್ಪನ್ನು ಅದರ ಗೂಡಿನಿಂದ ಮೆಲ್ಲನೆ ಎತ್ತಿದೆವು. ಎತ್ತುವುದಕ್ಕೆ ಮೊದಲು, ಮೈಯಲ್ಲಿ ಸೇರಿದ ವಿದ್ಯುತ್ತು ಚಿಪ್ಪಿಗೆ ಹಾಯದಂತೆ, ಭೂಮಿಗೆ ಜೋಡಿಸಿದ ಲೋಹವನ್ನು ಎಲ್ಲರೂ ಮುಟ್ಟಿದೆವು. ಅದರ ಇಪ್ಪತ್ತೆಂಟು ಕಾಲುಗಳೂ ಕಾಡಿಗೆಯಂತೆ ಕಪ್ಪಾಗಿದ್ದವು. “ಅಕ್ಕಾ, ಸುಟ್ಟುಹೋಗಿದೆಯಲ್ಲಾ!” ಎಂದಳು ಒಬ್ಬಳು. “ನಿನ್ನ ಅಜ್ಜಿಯ ಕಾಲುಗೆಜ್ಜೆಯನ್ನು ಪೆಟ್ಟಿಗೆಯಲ್ಲಿ ಹತ್ತು ವರ್ಷ ಇಟ್ಟು ತೆಗೆದರೆ ಹೇಗಿರುತ್ತದಮ್ಮಾ?” ಎಂದು ಕೇಳಿದೆವು. ಅವಳಿಗೆ ಕೂಡಲೆ ತಿಳಿಯಿತು. ಆ ಕಾಲುಗಳಿಗೆ ಬೆಳ್ಳಿಯ ಲೇಪವಿದೆ. ಬೆಳ್ಳಿಯು ಗಾಳಿಯ ಗಂಧಕದ ಅಂಶದೊಡನೆ ಕೂಡಿ ಕಪ್ಪಾಗುವುದು. ಆ ಕಪ್ಪು ಪೊರೆಯು ಗೂಡಿಗೂ ಕಾಲಿಗೂ ನಡುವೆ ಪರದೆಯಾಗಿ ನಿಂತಿತ್ತು. ಅದಕ್ಕೆ ಬೇಕಾದ ಔಷಧವು ಹುಡುಗಿಯರ ಕಂಪಾಸ್ ಪೆಟ್ಟಿಗೆಯಲ್ಲಿಯೇ ಇತ್ತು: ಪೆನ್ಸಿಲನ್ನು ಅಳಿಸುವ ರಬ್ಬರು. ಒಂದೊಂದು ಕಾಲನ್ನೂ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಹೀಗೆ ಗೂಡುಗಳಲ್ಲಿದ್ದ ಎಲ್ಲ ಚಿಪ್ಪುಗಳನ್ನೂ ಬೆಳಗುವಾಗ ಎರಡು ದಿನಗಳು ಕಳೆದವು. ಹಬ್ಬದ ಮುಂಚೆ ಆರಾಧನೆಯ ಬೆಳ್ಳಿಯ ಪಾತ್ರೆಗಳನ್ನು ತಿಕ್ಕುವಂತೆ ಅವರು ಸಾಲಾಗಿ ಕೂತು ತಿಕ್ಕಿದರು.

ಮೂರನೆಯ ದಿನ ಸ್ವಿಚ್ಚನ್ನು ಹಾಕಿದಾಗ ‘ಬೂ’ ಎಂದಿತು, ನಮ್ಮ ಉಸಿರು ನಿಂತಿತು, ‘ಬೀಪ್’ ಎಂದಿತು. ಹುಡುಗಿಯರು ಕುಣಿದರು. ನಮ್ಮಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರಸಿಕೊಂಡರು.

ಆದರೆ ಪರದೆಯನ್ನು ನೋಡಿದಾಗ ನಗು ಬಂತು. ಖಾಲಿಯಾಗಿರಬೇಕಾದ ಪರದೆಯ ತುಂಬ ಆಶ್ಚರ್ಯಸೂಚಕ ಚಿಹ್ನೆಗಳು ದಂಡು ಕಟ್ಟಿ ನಿಂತಿದ್ದವು. ‘ಬಿಬಿಸಿ ಕಂಪ್ಯೂಟರ್ ೩೨ಕೆ’ ಎಂಬುದಾಗಿ ಇಂಗ್ಲಿಷಿನಲ್ಲಿ ಬರೆಯಬೇಕಾಗಿದ್ದ ಯಂತ್ರವು ‘ಸಿಸಿಸಿ’ ಎಂದು ಮೊದಲುಮಾಡಿ, ತನಗೆ ೩೩ಕೆ ನೆನಪಿದೆಯೆಂದು ಜಂಬ ಕೊಚ್ಚಿಕೊಂಡಿತ್ತು. ‘ಬೇಸಿಕ್’ ಇದ್ದಲ್ಲಿ ‘ಕೇಸಿಕ್’. ಎಲ್ಲಕ್ಕೂ ಕೆಳಗೆ, ‘ಅಪ್ಪಣೆಯಾಗಲಿ’ ಎಂದು ಕಾಯುವ ಬಾಣದ ಮೊನೆಯಂಥ ಗುರುತಿನ ಬದಲಾಗಿ ಪ್ರಶ್ನೆಯ ಚಿಹ್ನೆ.

ನಾವು ಉತ್ತರವನ್ನು ಹೇಳಲಿಲ್ಲ. ಅಕ್ಷರಗಳನ್ನು ಕಂಪ್ಯೂಟರು ಯಾವ ಯಾವ ಸಂಖ್ಯೆಗಳಿಂದ ನೆನಪಿಡುತ್ತದೆಂಬ ಪಟ್ಟಿಯನ್ನು ಮಾತ್ರ ಮಕ್ಕಳ ಕೈಗೆ ಕೊಟ್ಟೆವು. ಅವರು ಪರದೆಯನ್ನೂ ಪಟ್ಟಿಯನ್ನೂ ನೋಡಿ ಎರಡು ಸಾಲಾಗಿ ಬರೆದುಕೊಂಡರು. ಬಿ ಎಂದರೆ ೬೬. ಬಂದದ್ದು ಸಿ, ೬೭. ಎರಡು ಎಂಬ ಅಂಕೆಯ ಗುರುತು ೫೦. ಬಂದದ್ದು ಮೂರರ ಗುರುತು, ೫೧. ಖಾಲಿ ಜಾಗದ ಗುರುತು ೩೨. ಬಂದದ್ದು ಆಶ್ಚರ್ಯಸೂಚಕ, ೩೩. ಬಾಣದ ಮೊನೆ ೬೨; ಬಂದದ್ದು ಪ್ರಶ್ನೆ, ೬೩. ಆದರೆ ಸಿ, ಓ, ಎಂ, ಈ ಎಂಬ ಅಕ್ಷರಗಳು ಕೆಡದೆ ಇದ್ದಂತೆಯೇ ಇದ್ದವು. ನಾಲ್ವರಲ್ಲಿ ಎಲ್ಲರಿಗಿಂತ ಮೌನಿಯಾದ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಪೆನ್ಸಿಲನ್ನು ಕಚ್ಚುತ್ತಿದ್ದು, “ಅಕ್ಕಾ, ಬೆಸ ಸಂಖ್ಯೆಗಳು ಹಾಗೆಯೇ ಇವೆ. ಸರಿ ಸಂಖ್ಯೆಗಳು ಮಾತ್ರ ಒಂದು ಹೆಚ್ಚಾಗಿವೆ. ಈ ಯಂತ್ರಕ್ಕೆ ಸರಿ ಸಂಖ್ಯೆಯೇ ಬಾರದು” ಎಂದಳು.

ಇಡೀ ದೋಷವು ಆ ಒಂದು ಮಾತಿನಲ್ಲಿ ಸಿಕ್ಕಿತು. ಕಂಪ್ಯೂಟರು ಒಂದು ಸಂಖ್ಯೆಯನ್ನು ಎಂಟು ಭಾಗಮಾಡಿ ಇಡುತ್ತದೆ. ಎಂಟು ಮಂದಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ೧೨೮, ೬೪, ೩೨, ೧೬, ೮, ೪, ೨, ೧ ಎಂಬ ಚೀಟಿಗಳನ್ನು ಕೊಟ್ಟೆವೆನ್ನೋಣ. ೬೬ ಬೇಕಾದರೆ ೬೪ರವಳೂ ೨ರವಳೂ ಕೈಯೆತ್ತಬೇಕು, ಉಳಿದವರು ಇಳಿಸಬೇಕು. ೧ರ ಚೀಟಿಯವಳು ಯಾವಾಗಲೂ ಕೈಯೆತ್ತಿಯೇ ಇದ್ದರೆ ೬೬ ಎಂಬುದು ೬೭ ಆಗುವುದು. ೬೭ ಮಾತ್ರ ೬೭ ಆಗಿಯೇ ಉಳಿಯುವುದು. ಈ ಯಂತ್ರದ ಹದಿನಾರು ನೆನಪಿನ ಚಿಪ್ಪುಗಳು ಎಂಟೆಂಟರ ಎರಡು ತಂಡಗಳಾಗಿವೆ. ಒಂದೊಂದು ಚಿಪ್ಪಿಗೂ ಒಂದೊಂದು ಚೀಟಿ. ಪರದೆಯ ಅಕ್ಷರಗಳು ನೆನಪಿನ ತುತ್ತತುದಿಯಲ್ಲಿ ಇರುತ್ತವೆ. ಅಂದರೆ ಮೇಲಿನ ತಂಡದಲ್ಲಿ. ಆದಕಾರಣ ಮೇಲಿನ ತಂಡದಲ್ಲಿ ೧ರ ಚೀಟಿಯನ್ನು ಹಿಡಿದ ಚಿಪ್ಪೇ ಸತ್ತದ್ದು. ಸತ್ತ ಚಿಪ್ಪು ಏನನ್ನೂ ನುಡಿಯದು. ಆದರೆ ಯಾರೂ ಎಳೆಯದೆ ಬಿಟ್ಟ ತಂತಿಯನ್ನು ಈ ಯಂತ್ರವು ‘ಒಂದು’ ಎಂದೇ ಓದಿಕೊಳ್ಳುತ್ತದೆ. ಮಾರನೆಯ ದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ, ರಜೆಯ ತರಗತಿಗೆ ಬಂದಿದ್ದ ಚಿಕ್ಕ ಮಕ್ಕಳನ್ನು ಸಭಾಂಗಣದಲ್ಲಿ ಎಂಟರಂತೆ ನಿಲ್ಲಿಸಿ ಇದೇ ಆಟವನ್ನು ಆಡಿಸಿದೆವು. ಹತ್ತು ವರ್ಷದ ಮಕ್ಕಳಿಗೂ ಅದು ತಿಳಿಯಿತು.

ಊಹೆ ಸರಿಯೆಂದು ತಿಳಿಯುವುದಕ್ಕೆ, ಮಳೆಗೆ ಕೆಟ್ಟ ಎರಡನೆಯ ಯಂತ್ರದಿಂದ ಅದೇ ಜಾತಿಯ ಒಂದು ಚಿಪ್ಪನ್ನು ಬೆಸುಗೆ ಬಿಡಿಸಿ ತೆಗೆದು, ವಿದ್ಯುತ್ತನ್ನು ಆರಿಸಿ, ಸತ್ತ ಚಿಪ್ಪಿನ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಕೂರಿಸಿದೆವು. ತಂಗಿಯನ್ನು ಅಕ್ಕನ ಬೆನ್ನ ಮೇಲೆ ಹೊರಿಸಿದಂತೆ! ತಿರುಗಿ ವಿದ್ಯುತ್ತನ್ನು ಕೊಟ್ಟಾಗ ಆಶ್ಚರ್ಯಸೂಚಕಗಳೆಲ್ಲ ಮಾಯವಾಗಿ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಯಂತ್ರದ ನಿಜವಾದ ಹೆಸರು ಮೂಡಿತು. ಪ್ರಶ್ನೆ ಹೋಗಿ ಬಾಣದ ಮೊನೆ ಬಂತು.

ಇನ್ನು ಉಳಿದದ್ದು ಸೂಜಿಯ ಕೆಲಸ. ಸತ್ತ ಚಿಪ್ಪನ್ನು ಇಡಿಯಾಗಿ ಕೀಳಹೋದರೆ ಹಲಗೆಯ ತಾಮ್ರದ ಗೆರೆಗಳು ಕಿತ್ತುಬರುವುವು. ಉಳ್ಳದ್ದನ್ನು ಉಳಿಸಬೇಕಾದರೆ ಹೋದದ್ದನ್ನು ಬಿಟ್ಟುಕೊಡಬೇಕು. ಆದಕಾರಣ ಅದರ ಹದಿನಾರು ಕಾಲುಗಳನ್ನೂ ಕತ್ತರಿಸಿ ಮೈಯನ್ನು ಎತ್ತಿ ಎಸೆದು, ಆಮೇಲೆ ಒಂದೊಂದೇ ಕಾಲನ್ನು ಬೆಸುಗೆಯ ಕಡ್ಡಿಯಿಂದ ಕಾಯಿಸಿ ಎಳೆದೆವು. ರಂಧ್ರಗಳಲ್ಲಿ ನಿಂತ ಸೀಸವನ್ನು ತಾಮ್ರದ ಹೆಣೆದ ಬತ್ತಿಯಿಂದ ಹೀರಿಸಿದೆವು. ಒಂದು ಗೂಡನ್ನು ಬೆಸೆದು, ಅದರಲ್ಲಿ ಹೊಸದಾಗಿ ಬಂದ ಚಿಪ್ಪನ್ನು ಕೂರಿಸಿದೆವು. ಗೂಡನ್ನು ಬೆಸೆದವರು ಹುಡುಗಿಯರೇ. ಬೆಸುಗೆಯು ಚೆನ್ನಾಗಿದೆಯೋ ಇಲ್ಲವೋ ಎಂಬುದು ಹಲಗೆಯ ಹಿಂಭಾಗದಲ್ಲಿ ತಿಳಿಯುವುದು, ಕಸೂತಿಯು ಬಟ್ಟೆಯ ಹಿಂಭಾಗದಲ್ಲಿ ತಿಳಿಯುವಂತೆ. ಮೊದಲ ನಾಲ್ಕು ಹೊಲಿಗೆಗಳು ಮಂಕಾಗಿ ಗಂಟುಗಟ್ಟಿದ್ದವು. ಅವನ್ನು ಬಿಚ್ಚಿಸಿ ತಿರುಗಿ ಹಾಕಿಸಿದೆವು. ಕಡೆಯ ಹನ್ನೆರಡು ಮಳೆಹನಿಯಂತೆ ಹೊಳೆದವು.

ಅಷ್ಟಕ್ಕೇ ಬಿಡಲಿಲ್ಲ. ನೆನಪಿನಲ್ಲಿ ೮೫ ಮತ್ತು ೧೭೦ ಎಂಬ ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಬರೆದು ತಿರುಗಿ ಓದಿ ತಾಳೆನೋಡುವ ಒಂದು ಚಿಕ್ಕ ಪ್ರೋಗ್ರಾಮನ್ನು ಹುಡುಗಿಯರು ಬೇಸಿಕ್ ಭಾಷೆಯಲ್ಲಿ ಬರೆದರು. ಆ ಎರಡು ಸಂಖ್ಯೆಗಳೇ ಯಾಕೆ? ೮೫ರಲ್ಲಿ ಎಂಟು ಹುಡುಗಿಯರು ಒಬ್ಬರನ್ನು ಬಿಟ್ಟು ಒಬ್ಬರು ಕೈಯೆತ್ತುವರು. ೧೭೦ರಲ್ಲಿ ಇಳಿಸಿದ್ದವರು ಎತ್ತುವರು, ಎತ್ತಿದ್ದವರು ಇಳಿಸುವರು. ಎತ್ತಲಾರದವಳೂ ಇಳಿಸಲಾರದವಳೂ ಇದರಲ್ಲಿ ಸಿಕ್ಕಿಬೀಳುವರು. ಬೆಳಗಿನಿಂದ ಸಂಜೆಯ ತನಕ ನಡೆಯಿಸಿದರೂ ಒಂದು ತಪ್ಪೂ ಬರಲಿಲ್ಲ. ಕೊಟ್ಟ ತಿಂಗಳಲ್ಲಿ ಇನ್ನೂ ಆರು ದಿನಗಳು ಉಳಿದಿದ್ದವು. ಗುಜರಿಯ ಪಟ್ಟಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ‘೨’ ಎಂಬುದನ್ನು ತಾವೇ ಹೊಡೆದುಹಾಕಿ ‘೧’ ಎಂದು ಬರೆದರು.

ಈ ಕೆಲಸದ ಲೆಕ್ಕವನ್ನು ಕೂಡಿಸಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವುದು. ಎಲ್ಲರನ್ನೂ ಹೆದರಿಸಿದ ಹೊಗೆಯಿಂದ ಆದ ಕೇಡು ಎರಡು ಕೆಪ್ಯಾಸಿಟರುಗಳ ಕೇಡು ಮಾತ್ರ. ಒಂದು ಗಂಟೆಯಲ್ಲಿ ತೀರಿತು. ಮಿಕ್ಕ ದಿನಗಳನ್ನೆಲ್ಲ ತೆಗೆದುಕೊಂಡದ್ದು ಕಪಾಟಿನ ಕೇಡು. ಕಾಲುಗಳನ್ನು ಕಪ್ಪಾಗಿಸಿದ್ದು ಕಪಾಟು. ಕೆಡದೆ ಇದ್ದ ಎರಡನೆಯ ಯಂತ್ರವನ್ನು ಮಳೆಗೆ ಕೊಟ್ಟದ್ದೂ ಕಪಾಟೇ. ಕಾಪಾಡಬೇಕೆಂದು ಬೀಗ ಹಾಕಿದವರ ಮನಸ್ಸು ಒಳ್ಳೆಯದೇ ಆಗಿತ್ತು. ಆದರೆ ನೆಲದಲ್ಲಿ ಹೂತಿಟ್ಟ ತಲಾಂತು ಬೆಳೆಯಲಿಲ್ಲವೆಂಬುದನ್ನು ನಾವು ಕೇಳಿದ್ದೇವೆ. ಕಪಾಟಿನಲ್ಲಿ ಹೂತಿಟ್ಟದ್ದು ಇದ್ದಷ್ಟೂ ಉಳಿಯಲಿಲ್ಲವೆಂಬುದನ್ನು ಇಲ್ಲಿ ಕಣ್ಣಾರೆ ಕಂಡೆವು. ಆ ಮೂವತ್ತು ವರ್ಷಗಳಲ್ಲಿ ಈ ಶಾಲೆಯನ್ನು ದಾಟಿಹೋದ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಯಂತ್ರದ ಒಳಗನ್ನು ಕಾಣುವ ಭಾಗ್ಯವೂ ಆ ಬೀಗದೊಳಗೇ ಉಳಿಯಿತು.

ಈ ಯಂತ್ರದ ಬೇಸಿಕ್ ಭಾಷೆಯನ್ನು ರಚಿಸಿದವರು ಸೋಫಿ ವಿಲ್ಸನ್ ಎಂಬ ಮಹಿಳೆ ಎಂಬುದನ್ನು ಹುಡುಗಿಯರಿಗೆ ತಿಳಿಸಿದಾಗ ಅವರಿಗಾದ ಸಂತೋಷವನ್ನು ಇಲ್ಲಿ ಬರೆಯದೆ ಇರಲಾರೆವು. ಅವರೂ ಸ್ಟೀವ್ ಫರ್ಬರ್ ಎಂಬವರೂ ಅದೇ ಕಂಪೆನಿಯಲ್ಲಿ ಆಮೇಲೆ ‘ಆರ್ಮ್’ ಎಂಬ ಹೊಸ ಮಿದುಳಿನ ಚಿಪ್ಪನ್ನು ರೂಪಿಸಿದರು. ೧೯೮೫ರ ಏಪ್ರಿಲ್ ೨೬ರಂದು ಅದರ ಮೊದಲ ಮಾದರಿಯು ಬಿಬಿಸಿ ಮೈಕ್ರೋ ಯಂತ್ರಕ್ಕೆ ಜೋಡಿಸಿಕೊಂಡೇ ಕೆಲಸಮಾಡಿತು. ಇಂದು ವಾಚಕರ ಕೈಯಲ್ಲಿರುವ ಮೊಬೈಲ್ ಫೋನುಗಳ ಮಿದುಳುಗಳು ಬಹುಮಟ್ಟಿಗೆ ಆ ವಂಶದವೇ. ಮೊಮ್ಮಕ್ಕಳನ್ನು ಬಿಚ್ಚಿ ನೋಡಲಾಗದು, ಅಂಟು ಹಾಕಿ ಮುಚ್ಚಿದ್ದಾರೆ. ಅಜ್ಜಿಯಾದರೋ ಇನ್ನೂ ತೆರೆದ ಮನಸ್ಸಿನಿಂದ ನಮ್ಮ ಕೊಠಡಿಯಲ್ಲಿ ಕೂತಿದ್ದಾಳೆ.

ಈಗ ಯಂತ್ರವು ಮೇಜಿನ ಮೇಲಿದೆ. ಶನಿವಾರಗಳಲ್ಲಿ ಹೊದಿಕೆಯನ್ನು ತೆಗೆದು, ಟೀಚರವರ ಎದುರಿನಲ್ಲಿ ಅದನ್ನು ನಡೆಯಿಸುತ್ತಾರೆ. ಕೆಟ್ಟ ಎರಡನೆಯ ಹಲಗೆಯನ್ನೂ ಎಸೆಯಲಿಲ್ಲ. ಬೆಸುಗೆಯನ್ನು ಕಲಿಯುವವರಿಗೆ ಅದೇ ಹೊಲಿಗೆಯ ಅಭ್ಯಾಸದ ಬಟ್ಟೆಯಾಗಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕೆಟ್ಟ ರೇಡಿಯೋ, ಟೇಪ್ ರೆಕಾರ್ಡರು, ಕಂಪ್ಯೂಟರು ಇದ್ದರೆ, ಗುಜರಿಗೆ ಹಾಕುವುದಕ್ಕೆ ಮೊದಲು ದಯವಿಟ್ಟು ಶಾಲೆಯನ್ನು ನೆನಸಿಕೊಳ್ಳಿರಿ. ಪಾಲಕರಲ್ಲಿ ನಮ್ಮ ಬಿನ್ನಹವೇನೆಂದರೆ, ಮಗಳು ಕೆಟ್ಟ ವಸ್ತುವನ್ನು ಬಿಚ್ಚಿ ನೋಡಬೇಕೆಂದು ಕೇಳಿದಾಗ, ಅಪಾಯವಿರುವ ಭಾಗವನ್ನು ಬಲ್ಲವರಿಂದ ತೆಗೆಯಿಸಿ, ಮಿಕ್ಕದ್ದನ್ನು ಅವಳ ಕೈಗೆ ಕೊಡಿರಿ. ‘ಮುಟ್ಟಬೇಡ, ಕೆಟ್ಟುಹೋಗುತ್ತದೆ’ ಎಂಬ ಮಾತನ್ನು ಅವಳು ಎಲ್ಲ ಕಡೆಯೂ ಕೇಳುತ್ತಾಳೆ. ಕೆಟ್ಟದ್ದನ್ನು ಮುಟ್ಟಿ ಸರಿಮಾಡು ಎಂಬ ಮಾತು ಅವಳಿಗೆ ಮನೆಯಿಂದಲೂ ಈ ಶಾಲೆಯಿಂದಲೂ ದೊರೆಯಲಿ.